ಆಲಿಸುವ ಮಟ್ಟದ ಅಳತೆ

(ಧ್ವನಿಮುದ್ರಿತ ಹಾಡುಗಳ ಪರಿಶೀಲನೆಗಾಗಿ ಸ್ಪೀಕರುಗಳನ್ನು ಹೊಂದಿಸುವ ಕ್ರಮ)

೧. ಪೀಠಿಕೆ

ದಶಮಾನ ಪದ್ಧತಿ ಬರುವ ಮುಂಚೆ ನಮ್ಮ ನಾಡಿನಲ್ಲಿ ಸೇರಿನ ಅಳತೆಯು ಪೇಟೆಯಿಂದ ಪೇಟೆಗೆ ಬೇರೆಯಾಗಿತ್ತೆಂಬುದನ್ನು ಹಿರಿಯರ ಬಾಯಿಂದ ಕೇಳಿದ್ದೇವೆ. ಒಂದೂರಿನಲ್ಲಿ ಅಳೆದು ಕಟ್ಟಿದ ಜೋಳ ಇನ್ನೊಂದೂರಿನಲ್ಲಿ ಬಿಚ್ಚಿ ಅಳೆದರೆ ಹೆಚ್ಚು ಇಲ್ಲವೆ ಕಡಿಮೆ ಆಗುತ್ತಿತ್ತು. ಜೋಳದಲ್ಲಿ ದೋಷವಿರಲಿಲ್ಲ, ಅಳೆದವನ ಮನಸ್ಸಿನಲ್ಲಿಯೂ ಕಪಟವಿರಬೇಕೆಂದಿಲ್ಲ. ಅಳತೆಯ ಪಾತ್ರೆಯೇ ಬೇರೆಯಾಗಿತ್ತು, ಅಷ್ಟೆ. ೧೯೫೬ರಲ್ಲಿ ತೂಕ ಮತ್ತು ಅಳತೆಗಳ ಕಾಯ್ದೆಯಾಗಿ, ೧೯೫೮ರ ಅಕ್ಟೋಬರದಿಂದ ಕಿಲೋಗ್ರಾಮು ಬಳಕೆಗೆ ಬರತೊಡಗಿದ ಮೇಲೆ ಈ ತೊಡಕು ಮೆಲ್ಲಗೆ ಪರಿಹಾರವಾಯಿತು.

ಕಾಳಿಗೆ ದೊರೆತ ಈ ಭಾಗ್ಯ ನಮ್ಮ ಹಾಡುಗಳಿಗೆ ಇನ್ನೂ ದೊರೆತಿಲ್ಲ. ಗಡಿಭಾಗದ ಶಿಕ್ಷಕರಲ್ಲಿ ಅನೇಕರು ಇಂದು ಮೊಬೈಲು ಫೋನಿನಲ್ಲಿಯೋ ಚಿಕ್ಕ ಧ್ವನಿಮುದ್ರಣ ಯಂತ್ರದಲ್ಲಿಯೋ ಬೀಸುವ ಪದ, ಸೋಬಾನೆ ಪದ, ಗೀಗೀ ಪದ, ಡೊಳ್ಳಿನ ಹಾಡು, ಭಜನೆಗಳನ್ನು ಸಂಗ್ರಹಿಸುತ್ತಿರುವುದು ಅಭಿಮಾನದ ಸಂಗತಿ. ಆದರೆ ಸಂಗ್ರಹಿಸಿದ್ದನ್ನು ಕೇಳಿ, ಪದ ಬಿಡಿಸಿ ಬರೆದು, ಅದರ ಮೇಲೆ ಅಭಿಪ್ರಾಯ ಕೊಡುವಾಗ ನಾವು ಯಾವ ಸ್ಪೀಕರಿನಲ್ಲಿ, ಎಷ್ಟು ಸಪ್ಪಳದಲ್ಲಿ ಕೇಳಿದೆವೆಂಬುದನ್ನು ಯಾರೂ ಗಣಿಸುವುದಿಲ್ಲ. ಒಬ್ಬರು ಒಂದು ಸೇರಿನಿಂದ, ಇನ್ನೊಬ್ಬರು ಇನ್ನೊಂದು ಸೇರಿನಿಂದ ಅಳೆದಂತೆಯೇ ಇದು.

ಈ ಮಾತನ್ನು ನಾನು ಗ್ರಂಥದಿಂದ ಕಲಿತದ್ದಲ್ಲ, ಪೇಚಾಡಿ ಕಲಿತದ್ದು. ಕೆಲವು ವರ್ಷಗಳ ಹಿಂದೆ ಜತ್ತ ತಾಲೂಕಿನ ಸನಮಡಿಯಲ್ಲಿ ಹಿರಿಯರೊಬ್ಬರ ಡೊಳ್ಳಿನ ಹಾಡನ್ನು ಮುದ್ರಿಸಿಕೊಂಡು ಬಂದೆ. ಹಗಲೆಲ್ಲ ಶಾಲೆಯ ಕೆಲಸ. ಆದುದರಿಂದ ರಾತ್ರಿ ಮನೆಮಂದಿ ಮಲಗಿದ ಮೇಲೆ ಸಣ್ಣ ಸಪ್ಪಳದಲ್ಲಿ ಕೇಳುತ್ತ ಅದನ್ನು ಸರಿಪಡಿಸಲು ಕುಳಿತೆ. ಡೊಳ್ಳು ಸಪ್ಪಗೆ ಕೇಳಿಸಿತು. ತಗ್ಗು ನಾದವನ್ನು ಏರಿಸಿದೆ. ಸಾಲದೆನ್ನಿಸಿ ಮತ್ತಷ್ಟು ಏರಿಸಿದೆ. ಮುಂದೆ ಶಾಲೆಯೊಂದರ ಸಮಾರಂಭದಲ್ಲಿ ದೊಡ್ಡ ಸ್ಪೀಕರಿನಲ್ಲಿ ಅದನ್ನು ಹಚ್ಚಿದಾಗ ಗುಡುಗಿನಂಥ ಗದ್ದಲವೊಂದೇ ಕೇಳಿಸಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಆ ಅಜ್ಜ ಹಾಡು ಮುಗಿದ ಮೇಲೆ ನನ್ನ ಹತ್ತಿರ ಬಂದು, “ಗುರುಗಳ, ಡೊಳ್ಳು ಕೇಳತೈತಿ. ನಾ ಎಲ್ಲಿ ಅದೀನ್ರಿ?” ಎಂದ.

ಆ ಪ್ರಶ್ನೆಗೆ ಉತ್ತರ ಹುಡುಕುತ್ತ ತಿಳಿದುಕೊಂಡ ವಿಷಯವನ್ನೇ ಶಿಕ್ಷಕ ಬಂಧುಗಳ ಮುಂದೆ ಇಡುತ್ತಿದ್ದೇನೆ. ಧ್ವನಿಮುದ್ರಣಾಲಯಗಳಲ್ಲಿ, ಮುದ್ರಿತ ಧ್ವನಿಯನ್ನು ಇದ್ದದ್ದಿದ್ದಂತೆ ಕೇಳಿ ಪರೀಕ್ಷಿಸುವುದಕ್ಕೆಂದೇ ಇರುವ ಸ್ಪೀಕರುಗಳಿಗೆ ಮಾನಿಟರ್ ಸ್ಪೀಕರು ಎನ್ನುತ್ತಾರೆ. ಅವುಗಳ ಸಪ್ಪಳವನ್ನು ಒಂದು ಗೊತ್ತಾದ ಮಟ್ಟಕ್ಕೆ ಅಳೆದು ನಿಲ್ಲಿಸುವ ಪದ್ಧತಿಯೊಂದು ಅಲ್ಲಿ ರೂಢಿಯಲ್ಲಿದೆ. ಅದು ದೊಡ್ಡ ನಗರದ ದೊಡ್ಡ ಯಂತ್ರಗಳಿಗೆ ಮಾತ್ರ ಮೀಸಲಾದುದಲ್ಲ; ನಮ್ಮ ಮನೆಯ ಒಂದು ಖೋಲಿಯಲ್ಲಿಯೂ ಸಾಧ್ಯವಿದೆ.

೨. ಕಿವಿಯ ಸ್ವಭಾವ

ಮೊದಲು ಅಳೆಯುವ ಮಾನವನ್ನು ತಿಳಿಯಬೇಕು. ಸಪ್ಪಳವನ್ನು ಡೆಸಿಬೆಲ್ಲುಗಳಲ್ಲಿ ಅಳೆಯುತ್ತಾರೆ. ಇದು ಮೊಳ-ಗೇಣಿನಂತೆ ಒಂದಕ್ಕೊಂದು ಕೂಡಿಸುವ ಅಳತೆಯಲ್ಲ, ಎಷ್ಟು ಪಟ್ಟು ಎಂದು ಹೇಳುವ ಅಳತೆ. ೩ ಡೆಸಿಬೆಲ್ ಏರಿತೆಂದರೆ ಧ್ವನಿಯ ಶಕ್ತಿ ಇಮ್ಮಡಿಯಾಯಿತು. ೧೦ ಏರಿತೆಂದರೆ ಹತ್ತು ಪಟ್ಟಾಯಿತು. ಆದರೆ ಈ ಹತ್ತು ಪಟ್ಟು ನಮ್ಮ ಕಿವಿಗೆ ಸುಮಾರು ಇಮ್ಮಡಿಯಾದಂತೆ ಮಾತ್ರ ತೋರುತ್ತದೆ. ಒಂದು ಮೀಟರು ದೂರ ಕುಳಿತು ಇಬ್ಬರು ಸಹಜವಾಗಿ ಮಾತಾಡುವಾಗ ಸಪ್ಪಳ ಸುಮಾರು ೬೦ ಡೆಸಿಬೆಲ್ ಇರುತ್ತದೆ. ಪಳಗಿದ ಕಿವಿಗೂ ೧ ಡೆಸಿಬೆಲ್ಲಿನ ಅಂತರ ಅರಿವಿಗೆ ಬರುವುದು ಕಷ್ಟವೇ.

ಇನ್ನು ಕಿವಿಯ ಮೂರು ಸ್ವಭಾವಗಳನ್ನು ಗಮನಿಸೋಣ.

ಮೊದಲನೆಯದು, ಕಿವಿಯು ತಗ್ಗು ನಾದವನ್ನೂ ನಡುವಿನ ನಾದವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ಅಮೇರಿಕೆಯ ಬೆಲ್ ಪ್ರಯೋಗಶಾಲೆಯಲ್ಲಿ ಫ್ಲೆಚರ್ ಮತ್ತು ಮನ್‌ಸನ್ ಎಂಬವರು ೧೯೩೩ರಲ್ಲಿ ಇದನ್ನು ಅಳೆದು ತೋರಿಸಿದರು. ೧೯೫೬ರಲ್ಲಿ ಇಂಗ್ಲಂಡಿನ ರಾಬಿನ್‌ಸನ್ ಮತ್ತು ಡ್ಯಾಡ್‌ಸನ್ ಅದನ್ನು ಮತ್ತೆ ಪರಿಶೀಲಿಸಿದರು. ಮುಂದೆ ಅಂತರರಾಷ್ಟ್ರೀಯ ಮಾನಕವಾಗಿ ಅದು ೨೦೦೩ರಲ್ಲಿಯೂ ೨೦೨೩ರಲ್ಲಿಯೂ ಪರಿಷ್ಕೃತವಾಯಿತು. ಅದರ ಸಾರವಿಷ್ಟು: ಸೆಕೆಂಡಿಗೆ ೧೦೦೦ ಕಂಪನದ ನಾದವೊಂದು ೪೦ ಡೆಸಿಬೆಲ್ಲಿನಲ್ಲಿ ಮೆಲ್ಲಗೆ ಕೇಳುತ್ತಿದ್ದರೆ, ೧೦೦ ಕಂಪನದ ತಗ್ಗು ನಾದವು ಅಷ್ಟೇ ಸಪ್ಪಳವೆನ್ನಿಸಲು ಅದಕ್ಕಿಂತ ಸುಮಾರು ೨೪ ಡೆಸಿಬೆಲ್ ಹೆಚ್ಚಿರಬೇಕಾಗುತ್ತದೆ. ಅದೇ ೧೦೦೦ ಕಂಪನದ ನಾದ ೮೦ ಡೆಸಿಬೆಲ್ಲಿನಲ್ಲಿ ಜೋರಾಗಿ ಕೇಳುತ್ತಿದ್ದರೆ ತಗ್ಗು ನಾದಕ್ಕೆ ಬೇಕಾಗುವ ಹೆಚ್ಚಳ ಸುಮಾರು ೧೨ ಮಾತ್ರ. ಅಂದರೆ ಸಪ್ಪಳ ಇಳಿಸುತ್ತ ಹೋದಂತೆ ತಗ್ಗು ನಾದವು ಉಳಿದವುಗಳಿಗಿಂತ ಬೇಗ ಕಿವಿಯಿಂದ ಜಾರಿಹೋಗುತ್ತದೆ. ರಾತ್ರಿ ನನಗೆ ಡೊಳ್ಳು ಸಪ್ಪಗೆ ಕೇಳಿಸಿದ್ದು ಇದರಿಂದಲೇ. ಡೊಳ್ಳಿನಲ್ಲಿ ಕೊರತೆಯಿರಲಿಲ್ಲ, ನಾನು ಕೇಳಿದ ಮಟ್ಟದಲ್ಲಿ ಕೊರತೆಯಿತ್ತು.

ಎರಡನೆಯದು, ಒಂದು ನಾದ ಇನ್ನೊಂದನ್ನು ಮರೆಮಾಡುತ್ತದೆ. ತಗ್ಗು ನಾದವು ತನಗಿಂತ ಮೇಲಿನ ನಾದವನ್ನು ಮುಚ್ಚುವುದು ಹೆಚ್ಚು. ಸಪ್ಪಳ ಏರಿದಂತೆ ಈ ಮುಚ್ಚುವಿಕೆ ಇನ್ನೂ ಮೇಲುಮೇಲಕ್ಕೆ ಹಬ್ಬುತ್ತದೆ. ಕನ್ನಡದ ಸ್ವರಗಳು ಬಲವುಳ್ಳವು. ಅವು ಹೇಗೋ ಉಳಿದುಕೊಳ್ಳುತ್ತವೆ. ಆದರೆ ಕ, ತ, ಪ ಗಳನ್ನು ಬೇರ್ಪಡಿಸುವ ಕ್ಷಣಮಾತ್ರದ ಸಿಡಿತ, ಸ-ಶ ಗಳ ಉಸಿರು, ಹಕಾರದ ಸುಳಿವು ಇವೆಲ್ಲ ದುರ್ಬಲವಾದ ನಾದಗಳು. ಹಾಡಿನ ಪದ ತಿಳಿಯಲಿಲ್ಲವೆಂದು ನಾವು ಸಪ್ಪಳ ಏರಿಸುತ್ತೇವಷ್ಟೆ? ಪದಕ್ಕಿಂತ ಮುಂಚೆ ಡೊಳ್ಳು ಬೆಳೆದು ನಿಲ್ಲುತ್ತದೆ. ‘ಕಡಿ’ಯೋ ‘ತಡಿ’ಯೋ ‘ಪಡಿ’ಯೋ ಎಂಬುದು ಮೊದಲಿಗಿಂತ ಹೆಚ್ಚು ಮಸುಕಾಗುತ್ತದೆ.

ಮೂರನೆಯದು, ಕಿವಿಗೆ ಜೋರು ಎಂಬುದೇ ಚೆನ್ನು ಎಂದು ತೋರುವ ಚಟವಿದೆ. ಒಂದೇ ಹಾಡಿನ ಎರಡು ಪ್ರತಿಗಳಲ್ಲಿ ಒಂದನ್ನು ತುಸುವೇ ಏರಿಸಿ ಕೇಳಿಸಿದರೆ ಹೆಚ್ಚು ಮಂದಿ ಅದನ್ನೇ ಮೆಚ್ಚುತ್ತಾರೆ. ಇಬ್ಬರು ಹಾಡುಗಾರರ ಕಂಠವನ್ನು, ಇಲ್ಲವೆ ಎರಡು ಮೇಳಗಳ ಹಾಡಿಕೆಯನ್ನು ತೂಗಿ ನೋಡುವಾಗ ಮಟ್ಟ ಸಮವಿಲ್ಲದಿದ್ದರೆ ನಮ್ಮ ತೀರ್ಪು ಕಂಠಕ್ಕೆ ಸಲ್ಲದೆ ಗುಂಡಿಗೆ ಸಲ್ಲುತ್ತದೆ.

ಇಂಥ ಕಿವಿಯನ್ನು ತಿದ್ದುವುದು ಆಗದ ಮಾತು. ಅದು ಕೇಳುವ ಮಟ್ಟವನ್ನು ಒಂದೇ ಕಡೆ ನಿಲ್ಲಿಸುವುದು ಆಗುವ ಮಾತು.

೩. ಮಿರಜದ ತಂಬೂರಿಯ ಪಾಠ

ಈ ಉಪಾಯ ನಮ್ಮ ಸೀಮೆಗೆ ಹೊಸದೇನಲ್ಲ. ನಮ್ಮ ಪಡುವಣಕ್ಕಿರುವ ಮಿರಜದಲ್ಲಿ ಹತ್ತೊಂಬತ್ತನೆಯ ಶತಮಾನದ ನಡುಗಾಲದಿಂದ ತಂಬೂರಿ-ಸಿತಾರಗಳನ್ನು ಮಾಡುವ ಮನೆತನಗಳಿವೆ; ೨೦೨೪ರಲ್ಲಿ ಮಿರಜದ ಸಿತಾರ ಮತ್ತು ತಂಬೂರಿಗಳಿಗೆ ಭೌಗೋಲಿಕ ಸೂಚ್ಯಂಕದ ಮಾನ್ಯತೆಯೂ ದೊರೆಯಿತು. ಅದೇ ಮಿರಜದಲ್ಲಿ ಬಾಳಿದ ಅಬ್ದುಲ್ ಕರೀಮ್ ಖಾನರು ೧೯೩೭ರಲ್ಲಿ ತೀರಿಕೊಂಡ ಮೇಲೆ ಅಲ್ಲಿಯ ಮೀರಾಸಾಹೇಬ ದರ್ಗೆಯ ಆವರಣದಲ್ಲಿ ವಿಶ್ರಮಿಸಿದ್ದಾರೆ. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲ ಎಂಬವರು ಇಪ್ಪತ್ತೆರಡು ಶ್ರುತಿಗಳನ್ನು ಲೆಕ್ಕದಿಂದ ನಿರ್ಣಯಿಸಲು ಹೊರಟು ೧೯೧೦ರಲ್ಲಿ ಇಂಗ್ಲೀಷಿನಲ್ಲೊಂದು ಗ್ರಂಥವನ್ನು ಪ್ರಕಟಿಸಿದರು. ಅವರ ಶೋಧಕ್ಕೆ ಖಾನಸಾಹೇಬರು ಹಾಡಿ ತೋರಿಸಿ ನೆರವಾದರೆಂಬುದು ಸಂಗೀತದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ಕಂಠ ಎಷ್ಟೇ ದೊಡ್ಡದಾಗಿರಲಿ, ಅದನ್ನು ತಂತಿಯ ಲೆಕ್ಕಕ್ಕೆ ಹಚ್ಚಿ ನೋಡಬಹುದೆಂಬ ನಂಬಿಕೆ ಈ ನೆಲದಲ್ಲಿ ಆಗಲೇ ಇತ್ತು.

ತಂಬೂರಿ ತಾನು ಹಾಡುವುದಿಲ್ಲ. ಅದು ಷಡ್ಜವನ್ನು ಒಂದೇ ಕಡೆ ಹಿಡಿದು ನಿಲ್ಲುತ್ತದೆ. ಹಾಡುವವನು ಅದಕ್ಕೆ ತನ್ನನ್ನು ಅಳೆದುಕೊಳ್ಳುತ್ತಾನೆ. ಶ್ರುತಿ ಸೇರಿಸುವಾಗ ಒಂದೊಂದೇ ತಂತಿಯನ್ನು ಮಿಡಿದು ನೋಡಿ, ಬಿರಡೆ ತಿರುವಿ, ಕೊನೆಗೆ ನಾಲ್ಕನ್ನೂ ಕೂಡಿ ಮಿಡಿಯುತ್ತಾರೆ. ಸ್ಪೀಕರುಗಳನ್ನು ಹೊಂದಿಸುವ ಕ್ರಮವೂ ಹೀಗೆಯೇ: ಮೊದಲು ಎಡದ್ದು, ಆಮೇಲೆ ಬಲದ್ದು, ಕೊನೆಗೆ ಎರಡೂ. ಸ್ವರದ ಎತ್ತರಕ್ಕೆ ತಂಬೂರಿ ಹೇಗೋ ಸಪ್ಪಳದ ಪ್ರಮಾಣಕ್ಕೆ ಈ ಗೊತ್ತಾದ ಮಟ್ಟ ಹಾಗೆ.

ಆಕಾಶವಾಣಿಯ ಕೇಂದ್ರಗಳು ಧಾರವಾಡದಲ್ಲಿ ೧೯೫೦ರಲ್ಲಿಯೂ ಸಾಂಗಲಿಯಲ್ಲಿ ೧೯೬೩ರಲ್ಲಿಯೂ ಆರಂಭವಾದಾಗ ಈ ಭಾಗದ ಹಾಡುಗಾರರಿಗೆ ಧ್ವನಿಯ ಮಟ್ಟವನ್ನು ನೋಡಿಕೊಳ್ಳುವವರೊಬ್ಬರು ಗಾಜಿನ ಆಚೆ ಕುಳಿತಿರುತ್ತಾರೆಂಬುದು ಪರಿಚಯವಾಯಿತು. ಪ್ರಸಾರಕರು ಬಳಸುವ ಮುಳ್ಳಿನ ಮಾಪಕಗಳಲ್ಲೊಂದು ೧೯೩೯ರಲ್ಲಿ ಅಮೇರಿಕೆಯಲ್ಲಿ ರೂಪುಗೊಂಡಿತು. ಆದರೆ ಒಂದು ಸೂಕ್ಷ್ಮವನ್ನು ಮರೆಯಬಾರದು: ಆ ಮುಳ್ಳು ಅಳೆಯುವುದು ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು, ಕಿವಿ ಅಳೆಯುವುದು ಗಾಳಿಯ ಕಂಪನವನ್ನು. ಯಂತ್ರದಲ್ಲಿ ಇಷ್ಟು ಇದ್ದಾಗ ನನ್ನ ಕಿವಿಯ ಹತ್ತಿರ ಇಷ್ಟೇ ಇರಬೇಕು ಎಂದು ಈ ಎರಡಕ್ಕೂ ಗಂಟು ಹಾಕುವುದೇ ಮಟ್ಟ ನಿರ್ಣಯ. ಇದನ್ನು ಬಿಟ್ಟರೆ ಬೇರೆ ಗುಟ್ಟೇನೂ ಇಲ್ಲ.

೪. ಗೋಳಗುಮ್ಮಟದ ಪಾಠ

ನಮ್ಮ ಮೂಡಣಕ್ಕೆ ವಿಜಯಪುರವಿದೆ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದ ಶಿಕ್ಷಕರೆಲ್ಲರೂ ೧೬೫೬ರಲ್ಲಿ ತೀರಿಕೊಂಡ ಮಹಮ್ಮದ ಆದಿಲಶಾಹನ ಗೋರಿಯಾದ ಗೋಳಗುಮ್ಮಟವನ್ನು ಹತ್ತಿ, ಒಂದು ಚಪ್ಪಾಳೆ ಹಲವಾರು ಸಲ ಮರುಳುವುದನ್ನು ಎಣಿಸಿದವರೇ. ಗುಮ್ಮಟದ ಒಳ ಅಡ್ಡಳತೆ ಸುಮಾರು ೩೮ ಮೀಟರು. ಧ್ವನಿ ಸೆಕೆಂಡಿಗೆ ಸುಮಾರು ೩೪೩ ಮೀಟರು ಸಾಗುವುದರಿಂದ ಆ ಅಗಲವನ್ನು ಒಮ್ಮೆ ದಾಟಲು ಸೆಕೆಂಡಿನ ಒಂಬತ್ತನೆಯ ಒಂದು ಪಾಲು ಹಿಡಿಯುತ್ತದೆ. ಅಷ್ಟು ಬಿಡುವು ಇರುವುದರಿಂದಲೇ ಮರುದನಿಗಳು ಬಿಡಿಬಿಡಿಯಾಗಿ ಕೇಳುತ್ತವೆ.

ನಮ್ಮ ಮನೆಯ ಖೋಲಿಯಲ್ಲಿಯೂ ಇದೇ ನಡೆಯುತ್ತದೆ. ಗೋಡೆಗಳು ಹತ್ತಿರವಿರುವುದರಿಂದ ಮರುದನಿ ಬೇರೆಯಾಗಿ ಕೇಳದೆ ಮೂಲದನಿಯಲ್ಲಿ ಕಲೆತು ಅದರ ಬಣ್ಣವನ್ನೇ ಬದಲಿಸುತ್ತದೆ. ನಾವು ಕೇಳುವುದು ಸ್ಪೀಕರನ್ನಷ್ಟೇ ಅಲ್ಲ, ಸ್ಪೀಕರು ಮತ್ತು ಖೋಲಿ ಎರಡನ್ನೂ. ಆದುದರಿಂದ ಅಳತೆಗೆ ಮುಂಚೆ ಖೋಲಿಯನ್ನು ಸಿದ್ಧಪಡಿಸಬೇಕು.

ಹನ್ನೆರಡು ಅಡಿ ಉದ್ದದ ಖೋಲಿಯೊಂದು ಸುಮಾರು ೪೭ ಕಂಪನದ ತಗ್ಗು ನಾದಕ್ಕೆ ತಾನೇ ಅನುರಣಿಸುತ್ತದೆ. ಹತ್ತು ಅಡಿಯ ಅಗಲ ಸುಮಾರು ೫೬ಕ್ಕೆ. ಉದ್ದ, ಅಗಲ, ಎತ್ತರ ಮೂರೂ ಸಮನಾಗಿದ್ದರೆ ಮೂರು ಅನುರಣನಗಳೂ ಒಂದೇ ಕಡೆ ಕೂಡಿ ಬೀಳುತ್ತವೆ. ಆದುದರಿಂದ ಚೌಕದ ಖೋಲಿಗಿಂತ ಉದ್ದನೆಯದು ಲೇಸು. ತಗಡು ಹೊದಿಸಿದ ಖೋಲಿಗಿಂತ ಮಣ್ಣಿನ ಮಾಳಿಗೆಯದು ಲೇಸು. ತಗಡು ಕೆಲವು ನಾದಗಳಿಗೆ ತಾನೂ ನಡುಗಿ ದನಿ ಕೂಡಿಸುತ್ತದೆ. ಮೂಲೆಯಲ್ಲಿ ಸ್ಪೀಕರು ಇಟ್ಟರೆ ತಗ್ಗು ನಾದ ಊದಿಕೊಳ್ಳುತ್ತದೆ, ಅಲ್ಲಿ ಇಡಬಾರದು.

ಮರುದನಿಯನ್ನು ಹೀರಲು ಪೇಟೆಯಿಂದ ಏನೂ ತರಬೇಕಾಗಿಲ್ಲ. ನಮ್ಮ ತಾಯಂದಿರು ಹೊಲಿದ ಕೌದಿಗಳು ಇದಕ್ಕೆ ಬಹಳ ಒಳ್ಳೆಯವು. ಅವನ್ನು ಗೋಡೆಗೆ ಅಂಟಿಸಿ ಹಾಕಿದರೆ ಮೇಲಿನ ನಾದಗಳನ್ನು ಮಾತ್ರ ಹೀರುತ್ತವೆ; ಗೋಡೆಯಿಂದ ಒಂದು ಗೇಣು ಈಚೆಗೆ ತೂಗುಬಿಟ್ಟರೆ ಸುಮಾರು ೪೦೦ ಕಂಪನದವರೆಗೂ ಕೆಲಸ ಮಾಡುತ್ತವೆ. ಎಲ್ಲಿ ತೂಗುಬಿಡಬೇಕೆಂಬುದನ್ನು ಕನ್ನಡಿಯಿಂದ ಕಂಡುಹಿಡಿಯಬಹುದು. ನೀವು ಕೇಳುವ ಸ್ಥಳದಲ್ಲಿ ಕುಳಿತಿರಿ. ಒಬ್ಬ ವಿದ್ಯಾರ್ಥಿ ಪಕ್ಕದ ಗೋಡೆಗುಂಟ ಕನ್ನಡಿಯನ್ನು ಸರಿಸುತ್ತ ಹೋಗಲಿ. ಎಲ್ಲಿ ಕನ್ನಡಿಯಲ್ಲಿ ಸ್ಪೀಕರು ಕಾಣುವುದೋ ಅಲ್ಲಿಂದಲೇ ಮೊದಲ ಮರುದನಿ ನಿಮ್ಮ ಕಿವಿಗೆ ಬರುತ್ತದೆ. ಬೆಳಕಿಗೂ ಧ್ವನಿಗೂ ಮರುಳುವ ನಿಯಮ ಒಂದೇ ಎಂಬುದನ್ನು ಮಕ್ಕಳಿಗೆ ತೋರಿಸಿ ಕಲಿಸಲು ಇದು ಒಳ್ಳೆಯ ಸಂದರ್ಭವೂ ಹೌದು. ಇನ್ನು ಮೂಲೆಗಳಲ್ಲಿ ಹತ್ತಿ ತುಂಬಿದ ಚೀಲಗಳನ್ನು ಒಟ್ಟಿದರೆ ತಗ್ಗು ನಾದದ ಊತವೂ ಕೆಲಮಟ್ಟಿಗೆ ಇಳಿಯುತ್ತದೆ.

೫. ಅಳತೆಯ ಕ್ರಮ

(೧) ಸ್ಥಾನ. ಎರಡೂ ಸ್ಪೀಕರುಗಳು ಮತ್ತು ಕೇಳುವವನ ತಲೆ ಸಮಬಾಹು ತ್ರಿಕೋಣದ ಮೂರು ಮೂಲೆಗಳಾಗಬೇಕು. ಪ್ರತಿಯೊಂದು ಬದಿ ಒಂದರಿಂದ ಒಂದೂವರೆ ಮೀಟರು ಸಾಕು. ಸ್ಪೀಕರಿನಲ್ಲಿ ಮೇಲಿನ ನಾದ ಹೊರಡುವ ಚಿಕ್ಕ ಗೂಡು ಕಿವಿಯ ಎತ್ತರಕ್ಕಿರಲಿ. ಎಡದ ಸ್ಪೀಕರಿಗೆ ಎಡಗೋಡೆ ಎಷ್ಟು ದೂರವೋ ಬಲದ್ದಕ್ಕೆ ಬಲಗೋಡೆ ಅಷ್ಟೇ ದೂರವಿರಲಿ. ಬಯಲಿನಲ್ಲಿ ದೂರ ಇಮ್ಮಡಿಯಾದರೆ ಸಪ್ಪಳ ೬ ಡೆಸಿಬೆಲ್ ಇಳಿಯುತ್ತದೆ. ಖೋಲಿಯಲ್ಲಿ ಅದಕ್ಕಿಂತ ಕಡಿಮೆ ಇಳಿದರೂ, ಸ್ಥಳ ಬದಲಾದರೆ ಅಳತೆಯೂ ಬದಲಾಗುತ್ತದೆ. ಆದುದರಿಂದ ಕುರ್ಚಿಯ ಕಾಲುಗಳಿಗೆ ನೆಲದ ಮೇಲೆ ಸುಣ್ಣದ ಗುರುತು ಮಾಡಿಕೊಳ್ಳಬೇಕು.

(೨) ಮಾಪಕ. ಸಪ್ಪಳದ ಮಾಪಕವಿದ್ದರೆ ಉತ್ತಮ. ಅದರಲ್ಲಿ ‘ಸಿ’ ಎಂಬ ತೂಕಕ್ರಮವನ್ನೂ ‘ನಿಧಾನ’ ಗತಿಯನ್ನೂ ಆರಿಸಬೇಕು. ‘ಎ’ ಕ್ರಮವು ತಗ್ಗು ನಾದವನ್ನು ಬಹಳ ಮಟ್ಟಿಗೆ ಬಿಟ್ಟುಬಿಡುವುದರಿಂದ ಇಲ್ಲಿ ತಕ್ಕುದಲ್ಲ. ಮಾಪಕವೂ ತಪ್ಪಬಹುದು, ಅದನ್ನು ೧೦೦೦ ಕಂಪನದಲ್ಲಿ ೯೪ ಡೆಸಿಬೆಲ್ ಕೊಡುವ ಪ್ರಮಾಣಕ ಸಾಧನದಿಂದ ಪರೀಕ್ಷಿಸುವ ರೂಢಿಯುಂಟು. ಮಾಪಕವಿಲ್ಲದವರು ಮೊಬೈಲಿನಲ್ಲಿ ದೊರೆಯುವ ಅಳತೆಯ ಆ್ಯಪನ್ನು ಬಳಸಬಹುದು. ಅದು ತೋರಿಸುವ ಸಂಖ್ಯೆಯನ್ನು ಪೂರ್ಣವಾಗಿ ನಂಬಬಾರದು. ಆದರೆ ಎಡ-ಬಲಗಳ ಅಂತರವನ್ನು ತಿಳಿಯಲು ಅದು ಸಾಕು, ಏಕೆಂದರೆ ಒಂದೇ ತಪ್ಪು ತಕ್ಕಡಿಯಲ್ಲಿ ಎರಡನ್ನೂ ತೂಗಿದರೆ ಸಮ-ವಿಷಮ ತಿಳಿದೇ ತಿಳಿಯುತ್ತದೆ. ಮಾಪಕವನ್ನು ಕೈಯಲ್ಲಿ ಹಿಡಿಯದೆ, ತಲೆ ಇರುವ ಸ್ಥಳದಲ್ಲಿ ಕಿವಿಯ ಎತ್ತರಕ್ಕೆ ಏನಾದರೂ ಆಧಾರದ ಮೇಲಿಟ್ಟು ತಾವು ದೂರ ಸರಿಯಬೇಕು; ಮೈಯೂ ಧ್ವನಿಯನ್ನು ಮರುಳಿಸುತ್ತದೆ.

(೩) ಮೌನ. ಫ್ಯಾನು, ನೀರಿನ ಪಂಪು, ಬೀದಿಯ ಗದ್ದಲ ಇವುಗಳ ಸಪ್ಪಳವು ಅಳೆಯುವ ಸಪ್ಪಳಕ್ಕಿಂತ ಕಡಿಮೆಯೆಂದರೂ ೧೦ ಡೆಸಿಬೆಲ್ ಕೆಳಗಿರಬೇಕು. ಇಲ್ಲದಿದ್ದರೆ ಅವೂ ಲೆಕ್ಕದಲ್ಲಿ ಸೇರುತ್ತವೆ.

(೪) ಪರೀಕ್ಷೆಯ ನಾದ. ಒಂದೇ ಸ್ವರದ ನಾದವನ್ನು ಬಳಸಬಾರದು. ಖೋಲಿಯ ಅನುರಣನದಿಂದಾಗಿ ತಲೆ ಒಂದು ಗೇಣು ಸರಿದರೆ ಅದರ ಸಪ್ಪಳ ಬದಲಾಗುತ್ತದೆ. ಇದಕ್ಕೆಂದೇ ‘ಪಿಂಕ್ ನಾಯ್ಸ್’ ಎಂಬ ಮೊರೆತವನ್ನು ಬಳಸುತ್ತಾರೆ. ದೂರದ ಮಳೆಯಂತೆ ಕೇಳುವ ಇದರಲ್ಲಿ ಪ್ರತಿಯೊಂದು ಸಪ್ತಕಕ್ಕೂ ಸಮನಾದ ಶಕ್ತಿ ಇರುತ್ತದೆ. ಚಿಕ್ಕ ಖೋಲಿಗಳಿಗೆ ೫೦೦ರಿಂದ ೨೦೦೦ ಕಂಪನಗಳ ನಡುವಿನ ಮೊರೆತವನ್ನಷ್ಟೇ ಬಳಸುವುದು ಇನ್ನೂ ಮೇಲು. ಅದು ಕಡತದಲ್ಲಿ −೨೦ ಡೆಸಿಬೆಲ್ ಸರಾಸರಿ ಮಟ್ಟದಲ್ಲಿರಬೇಕು. ಗಣಕಯಂತ್ರದ ಮುದ್ರಣದಲ್ಲಿ ಸೊನ್ನೆಯೇ ಶಿಖರ. ಅದನ್ನು ಮೀರಿದ ಅಲೆಯ ತಲೆ ಕತ್ತರಿಸಿಹೋಗುತ್ತದೆ. −೨೦ ಎಂದರೆ ಶಿಖರಕ್ಕಿಂತ ೨೦ ಕೆಳಗೆ. ಹಾಡಿನ ಏರಿಳಿತಕ್ಕೆ ಅಷ್ಟು ಬಯಲು ಬಿಟ್ಟಂತಾಯಿತು.

(೫) ಎಷ್ಟಕ್ಕೆ ನಿಲ್ಲಿಸಬೇಕು? ಚಲಚ್ಚಿತ್ರಗಳ ಧ್ವನಿಯನ್ನು ಕೂಡಿಸುವ ವಿಶಾಲ ಮಂದಿರಗಳಲ್ಲಿ ಈ ಮೊರೆತವು ಮುಂದಿನ ಒಂದೊಂದು ಸ್ಪೀಕರಿನಿಂದ ೮೫ ಡೆಸಿಬೆಲ್ ಕೇಳುವಂತೆ ನಿಲ್ಲಿಸುತ್ತಾರೆ. ಸಂಗೀತದ ಮುದ್ರಣಕ್ಕೆ ಬಾಬ್ ಕಾಟ್ಸ್ ಎಂಬವರು ೨೦೦೦ದಲ್ಲಿ ಸೂಚಿಸಿದ ಪದ್ಧತಿಯಲ್ಲಿ ಅದು ೮೩. ಚಿಕ್ಕ ಖೋಲಿಗೆ ಇವೆರಡೂ ಹೆಚ್ಚು. ಅಮೇರಿಕೆಯ ದೂರದರ್ಶನ ಪ್ರಸಾರದ ಮಾರ್ಗಸೂಚಿಯಂತೆ ೧೫೦೦ ಘನ ಅಡಿಗಿಂತ ಚಿಕ್ಕ ಖೋಲಿಗೆ ೭೪, ಅಲ್ಲಿಂದ ೫೦೦೦ ಘನ ಅಡಿಯವರೆಗೆ ೭೬, ಮುಂದೆ ೧೦,೦೦೦ದವರೆಗೆ ೭೮ ಡೆಸಿಬೆಲ್ ತಕ್ಕುದು. ಹನ್ನೆರಡಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ನಮ್ಮ ಖೋಲಿ ೧೨೦೦ ಘನ ಅಡಿ. ಆದುದರಿಂದ ನಮ್ಮ ಲೆಕ್ಕ ೭೪.

(೬) ಹೊಂದಿಸುವುದು. ಗಣಕಯಂತ್ರದಲ್ಲಿಯ ಎಲ್ಲ ಏರಿಳಿತದ ಗುಂಡಿಗಳನ್ನೂ ಅವುಗಳ ನೇರ ಸ್ಥಾನದಲ್ಲಿಟ್ಟು, ನಾದವನ್ನು ‘ಚೆಂದಗೊಳಿಸುವ’ ಎಲ್ಲ ಸೌಕರ್ಯಗಳನ್ನೂ ಮುಚ್ಚಬೇಕು. ಬಲದ ಸ್ಪೀಕರನ್ನು ಮೌನಗೊಳಿಸಿ ಎಡದ್ದರಲ್ಲಿ ಮೊರೆತವನ್ನು ಹಚ್ಚಿ, ಸ್ಪೀಕರಿನ ಹಿಂಬದಿಯ ಗುಂಡಿಯನ್ನು ಕೆಳಗಿನಿಂದ ಮೆಲ್ಲಗೆ ಏರಿಸುತ್ತ ಮಾಪಕವು ೭೪ ತೋರಿದಲ್ಲಿ ನಿಲ್ಲಿಸಬೇಕು. ಅನಂತರ ಎಡದ್ದನ್ನು ಮೌನಗೊಳಿಸಿ ಬಲದ್ದನ್ನೂ ಹಾಗೆಯೇ ನಿಲ್ಲಿಸಬೇಕು. ಎರಡರ ಅಂತರ ಅರ್ಧ ಡೆಸಿಬೆಲ್ ಮೀರದಿರಲಿ. ಕೊನೆಗೆ ಎರಡರಲ್ಲಿಯೂ ಬೇರೆ ಬೇರೆ ಮೊರೆತವನ್ನು ಕೂಡಿ ಹಚ್ಚಿದರೆ ಸುಮಾರು ೭೭ ಬರಬೇಕು. ಏಕೆಂದರೆ ಶಕ್ತಿ ಇಮ್ಮಡಿಯಾದರೆ ೩ ಏರುತ್ತದೆಂದು ಮೇಲೆ ನೋಡಿದೆವು.

(೭) ಪರೀಕ್ಷೆ. ಒಬ್ಬರೇ ಮಾತಾಡಿದ ಮುದ್ರಣವನ್ನು ಎರಡರಲ್ಲಿಯೂ ಸಮನಾಗಿ ಹಚ್ಚಿ ಕಣ್ಣು ಮುಚ್ಚಿರಿ. ಮಾತು ಎರಡೂ ಸ್ಪೀಕರುಗಳ ನಟ್ಟನಡುವೆ, ಯಾರೋ ಎದುರಿಗೆ ಕುಳಿತಂತೆ ಕೇಳಬೇಕು. ಒಂದು ಕಡೆ ವಾಲಿದರೆ ಮಟ್ಟದಲ್ಲಿ ಇಲ್ಲವೆ ದೂರದಲ್ಲಿ ತಪ್ಪಿದೆ. ಎಲ್ಲಿಂದ ಬರುತ್ತದೆಂದು ತಿಳಿಯದೆ ಚೆದುರಿ, ತಗ್ಗು ನಾದವೂ ಸೊರಗಿದ್ದರೆ ಒಂದು ಸ್ಪೀಕರಿನ ತಂತಿಗಳು ಅದಲು ಬದಲಾಗಿವೆಯೆಂದು ತಿಳಿಯಬೇಕು.

(೮) ಗುರುತು. ಈಗ ಧ್ವನಿಯ ಮುಖ್ಯ ಗುಂಡಿ ಎಲ್ಲಿದೆಯೋ ಅಲ್ಲಿ ಬಣ್ಣದ ಗೆರೆಯೊಂದನ್ನು ಎಳೆಯಿರಿ. ಇದೇ ನಿಮ್ಮ ಷಡ್ಜ. ಹತ್ತು ಡೆಸಿಬೆಲ್ ಕೆಳಗೆ ಇನ್ನೊಂದು ಗೆರೆಯಿರಲಿ. ಬಹುಹೊತ್ತು ಕುಳಿತು ಪದ ಬರೆದುಕೊಳ್ಳುವಾಗ ಅದು ಬೇಕಾಗುತ್ತದೆ. ಈ ಎರಡು ಗೆರೆಗಳ ಹೊರತು ಗುಂಡಿಯನ್ನು ಎಲ್ಲಿಯೂ ನಿಲ್ಲಿಸಬಾರದು.

೬. ಬರೆದುಕೊಳ್ಳುವಾಗ

ಮಟ್ಟ ನಿಂತ ಮೇಲೆ ಕೆಲಸದ ರೀತಿಯೇ ಬದಲಾಗುತ್ತದೆ. ಹಾಡು ತೀರ ಸಣ್ಣಗೆ 들ಕೇಳಿದರೆ ಗುಂಡಿಯನ್ನು ತಿರುವದೆ, ಮುದ್ರಣವೇ ಸಣ್ಣಗಾಗಿದೆಯೆಂದು ತಿಳಿದು ಪ್ರತಿಯಲ್ಲಿ ಅದನ್ನು ಏರಿಸಬೇಕು. ಮೂಲ ಮುದ್ರಣವನ್ನು ಮಾತ್ರ ಎಂದಿಗೂ ಮುಟ್ಟಬಾರದು. ಡೊಳ್ಳು ಪದವನ್ನು ಮುಚ್ಚುತ್ತಿದ್ದರೆ ಸಪ್ಪಳ ಏರಿಸುವ ಬದಲು ಕೆಳಗಿನ ಗೆರೆಗೆ ಇಳಿಸಿ ಕೇಳಿರಿ; ಪ್ರತಿಯಲ್ಲಿ ತಗ್ಗು ನಾದವನ್ನು ತಗ್ಗಿಸಿ ಕೇಳಿರಿ. ಎರಡು ಮೇಳಗಳನ್ನು ಹೋಲಿಸುವಾಗ ಎರಡರ ಸರಾಸರಿ ಸಪ್ಪಳವನ್ನು ಮೊದಲು ಸಮಮಾಡಿಕೊಳ್ಳಿರಿ. ಇದಕ್ಕೆ ಪ್ರಸಾರಲೋಕದಲ್ಲಿ ೨೦೦೬ರಿಂದ ಅಂತರರಾಷ್ಟ್ರೀಯ ಮಾಪನಕ್ರಮವೇ ಇದೆ; ಯುರೋಪಿನ ಪ್ರಸಾರಕರು ೨೦೧೦ರಲ್ಲಿ ಎಲ್ಲ ಕಾರ್ಯಕ್ರಮಗಳನ್ನೂ −೨೩ ಎಂಬ ಒಂದೇ ಸರಾಸರಿಗೆ ತರಲು ಗೊತ್ತುಮಾಡಿಕೊಂಡರು.

ಬ್ಲೂಟೂತ್ ಸ್ಪೀಕರಿನಲ್ಲಿ ಕೇಳಿ ತೀರ್ಪು ಕೊಡಬಾರದು. ಅಂಥವುಗಳಲ್ಲಿ ಹಲವು, ಸಪ್ಪಳ ಇಳಿಸಿದಾಗ ತಗ್ಗು ನಾದವನ್ನು ತಾವಾಗಿ ಹೆಚ್ಚಿಸಿಕೊಳ್ಳುತ್ತವೆ. ಕೇಳಲು ಹಿತ, ಆದರೆ ಅಳತೆ ಮಾಡುವ ಸೇರು ತಾನೇ ಹಿಗ್ಗಿ ಕುಗ್ಗುವಂಥದಿರಬಾರದು.

ಕಿವಿಯ ಆರೋಗ್ಯವನ್ನೂ ನೋಡಿಕೊಳ್ಳಬೇಕು. ವಿಶ್ವ ಆರೋಗ್ಯ ಸಂಸ್ಥೆಯು ೨೦೧೯ರಲ್ಲಿ ಪ್ರಕಟಿಸಿದ ಮಾನಕದಂತೆ ದೊಡ್ಡವರು ವಾರಕ್ಕೆ ೪೦ ತಾಸು ೮೦ ಡೆಸಿಬೆಲ್ ಮೀರದಂತೆ ಕೇಳಬಹುದು. ೩ ಏರಿದರೆ ಕಾಲವನ್ನು ಅರ್ಧಕ್ಕಿಳಿಸಬೇಕು. ನಮ್ಮ ೭೪ರ ಮಟ್ಟ ಇದರೊಳಗೇ ಇದೆ. ಆದರೂ ಮುಕ್ಕಾಲು ತಾಸಿಗೊಮ್ಮೆ ಎದ್ದು ಹೊರಗೆ ಅಡ್ಡಾಡಿ ಬರುವುದು ಒಳ್ಳೆಯದು. ಜಾತ್ರೆಯ ಅಬ್ಬರದ ಸ್ಪೀಕರುಗಳ ಮುಂದೆ ನಿಂತುಬಂದ ಮರುದಿನ ಧ್ವನಿಯ ಬಗ್ಗೆ ಯಾವ ನಿರ್ಣಯವನ್ನೂ ಮಾಡಬಾರದು. ಕಿವಿ ಆಗ ತಾತ್ಕಾಲಿಕವಾಗಿ ಮಂದವಾಗಿರುತ್ತದೆ.

ಕೊನೆಯದಾಗಿ, ಪ್ರತಿಯೊಂದು ಹಾಡಿನ ಪಾಠದ ಕೆಳಗೆ ಹಾಡಿದವರ ಊರು, ಮುದ್ರಿಸಿದ ದಿನ ಬರೆಯುವಂತೆಯೇ ‘ಇಂಥ ಸ್ಪೀಕರಿನಲ್ಲಿ, ಇಷ್ಟು ಮಟ್ಟದಲ್ಲಿ ಕೇಳಿ ಬರೆದುದು’ ಎಂದು ಒಂದು ಸಾಲು ಸೇರಿಸಬೇಕು. ಸಂದೇಹವಿರುವ ಪದಕ್ಕೆ ಗುರುತು ಹಾಕಬೇಕು. ಇನ್ನೊಬ್ಬರು ಅದೇ ಮಟ್ಟದಲ್ಲಿ ಕೇಳಿ ಒಪ್ಪಲಿ, ಇಲ್ಲವೆ ತಿದ್ದಲಿ. ಹಸ್ತಪ್ರತಿಗಳನ್ನು ಸಂಪಾದಿಸುವವರು ಪಾಠಾಂತರಗಳನ್ನು ಕೊಡುವ ಪದ್ಧತಿಗೂ ಇದಕ್ಕೂ ಭೇದವೇನೂ ಇಲ್ಲ.

೭. ಮುಕ್ತಾಯ

ಇಷ್ಟೆಲ್ಲ ಏತಕ್ಕೆಂದು ಯಾರಾದರೂ ಕೇಳಬಹುದು. ಗಡಿಭಾಗದ ಕನ್ನಡವು ತನ್ನದೇ ಆದ ರೂಪಗಳನ್ನು, ಮರಾಠಿಯೊಡನೆ ಕೊಟ್ಟುಕೊಂಡ ಪದಗಳನ್ನು ಉಳಿಸಿಕೊಂಡು ಬಂದಿರುವ ಭಾಷೆ. ಅದರ ಸಾಕ್ಷಿ ಇರುವುದು ಹಾಡುವವರ ಬಾಯಲ್ಲಿ. ಅವರು ಕಣ್ಮುಚ್ಚಿದ ಮೇಲೆ ಉಳಿಯುವುದು ಮುದ್ರಣವೊಂದೇ. ಅದನ್ನು ನಾವು ತಪ್ಪಾಗಿ ಕೇಳಿ ಅಚ್ಚು ಹಾಕಿಸಿದರೆ ಮುಂದಿನ ವಿದ್ವಾಂಸರು ನಮ್ಮ ತಪ್ಪನ್ನೇ ಈ ಸೀಮೆಯ ಭಾಷೆಯೆಂದು ತಿಳಿದು ಅದರ ಮೇಲೆ ಸಿದ್ಧಾಂತ ಕಟ್ಟುತ್ತಾರೆ.

ಖೋಲಿಗೆ ಕೌದಿ ಕಟ್ಟಿ, ಗುಂಡಿಗೆ ಗೆರೆ ಎಳೆದ ಮೇಲೆ ಸನಮಡಿಯ ಆ ಹಾಡನ್ನು ಮೂಲ ಮುದ್ರಣದಿಂದಲೇ ಮತ್ತೆ ಕೇಳಿದೆ. ಡೊಳ್ಳಿಗೆ ನಾನು ಏನನ್ನೂ ಕೂಡಿಸಬೇಕಾಗಿರಲಿಲ್ಲ. ಅದು ತನ್ನ ಸ್ಥಾನದಲ್ಲಿಯೇ ಇತ್ತು, ಅಜ್ಜನ ದನಿ ಅದರ ಮುಂದೆ ನಿಂತಿತ್ತು. ನಾನು ಮೊದಲು ‘ತಡಿ’ ಎಂದು ಬರೆದುಕೊಂಡಿದ್ದ ಪದವೊಂದು ‘ಪಡಿ’ ಎಂದು ಕೇಳಿಸಿತು. ಊರಿಗೆ ಹೋಗಿ ಅಜ್ಜನನ್ನೇ ಕೇಳಿದೆ. “ಪಡೀನ ರೀ ಗುರುಗಳ, ಕಾಳ ಅಳಿಯೂ ಪಡಿ” ಎಂದ. ಆ ಸಾಲಿನ ಅರ್ಥವೇ ಬೇರೆಯಾಗಿತ್ತು. ನನ್ನ ಹಳೆಯ ವಹಿಯಲ್ಲಿ ಅದನ್ನು ಹೊಡೆದು ತಿದ್ದಿ, ಪಕ್ಕದಲ್ಲಿ ಕೇಳಿದ ಮಟ್ಟವನ್ನೂ ಬರೆದಿಟ್ಟಿದ್ದೇನೆ.